ಪರೀಕ್ಷೆ ಹತ್ತಿರವಾದಂತೆ ಮಗಳಿಗೆ ಹೊಟ್ಟೆನೋವು: ಇದು ನಾಟಕವೇ?

ಪಿಯುಸಿ ಓದುವ ಮಗಳು ದಿನವೂ ಹೊಟ್ಟೆನೋವು ಎನ್ನುತ್ತಾಳೆ, ಮನೆಯಲ್ಲಿ ಮಾತು ಬಿಟ್ಟಿದ್ದಾಳೆ, ಇದು ಕಾಲೇಜು ತಪ್ಪಿಸುವ ನಾಟಕವೇ ಎಂದು ಕೋಲಾರದ ತಾಯಿಯೊಬ್ಬರು ಕೇಳಿದ್ದಾರೆ.

ಹಾಗೆಂದು ತಳ್ಳಿಹಾಕಬೇಡಿ. ಮೊದಲು ವೈದ್ಯರಿಗೆ ತೋರಿಸಿ. ಸ್ಕ್ಯಾನಿಂಗ್‌ನಲ್ಲಿ ಏನೂ ಕಾಣದಿದ್ದರೂ ನೋವು ನಿಜವೇ ಇರಬಹುದು. ಆತಂಕ ಹೆಚ್ಚಾದಾಗ ಕರುಳಿನ ಚಲನೆಯೇ ಏರುಪೇರಾಗುತ್ತದೆ.

ನಮ್ಮ ಕಡೆಯ ಮಕ್ಕಳ ಹೊರೆ ಬರೀ ಓದಿನದಲ್ಲ. ಶ್ರೀನಿವಾಸಪುರದ ಕಡೆಯ ಹುಡುಗಿ ನಸುಕಿನಲ್ಲೇ ಡೇರಿಗೆ ಹಾಲು ಹಾಕಿ, ತುಂಬಿದ ಬಸ್ಸಿನಲ್ಲಿ ನಿಂತು ಕಾಲೇಜಿಗೆ ಬರುತ್ತಾಳೆ. ಟೊಮೆಟೊ ದರ ಕುಸಿದ ದಿನ ಅಪ್ಪನ ಮುಖ ನೋಡಿ ಶುಲ್ಕದ ಮಾತನ್ನು ನುಂಗಿಕೊಳ್ಳುತ್ತಾಳೆ. ಅದರ ಮೇಲೆ ‘ಪಕ್ಕದ ಮನೆಯವಳನ್ನು ನೋಡು’ ಎಂಬ ಹೋಲಿಕೆ ಬೇರೆ! ದಯವಿಟ್ಟು ಅದನ್ನು ಇಂದೇ ನಿಲ್ಲಿಸಿ. ನಿದ್ದೆಯನ್ನೂ ಗಮನಿಸಿ, ಈ ವಯಸ್ಸಿಗೆ 8ರಿಂದ 10 ಗಂಟೆ ಬೇಕು.

ಬೇಸರ, ನಿರಾಸಕ್ತಿ ಎರಡು ವಾರ ದಾಟಿದರೆ ಮನೋವೈದ್ಯರನ್ನು ಕಾಣಿ. ‘ಬದುಕು ಸಾಕು’ ಎಂದರೆ ಅದೇ ದಿನ ಕರೆದೊಯ್ಯಿರಿ, ಒಂಟಿಯಾಗಿ ಬಿಡಬೇಡಿ. ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ ಕೇಳಿ; ಕೇಳಿದ ಮಾತ್ರಕ್ಕೆ ಆ ಯೋಚನೆ ಹುಟ್ಟುವುದಿಲ್ಲ, ಮನಸ್ಸು ಹಗುರಾಗಬಹುದು. ಹೊಲದ ಕೀಟನಾಶಕ ಮನೆಯಲ್ಲಿದ್ದರೆ ಬೀಗ ಹಾಕಿಡಿ. ಇದನ್ನು ಮರೆಯಲೇಬೇಡಿ.

ಟೆಲಿ ಮಾನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತನಾಡಬಹುದು. ಮಗಳ ಜೊತೆ ಹೇಗೆ ಮಾತು ಆರಂಭಿಸಬೇಕೆಂದು ತಿಳಿಯದಿದ್ದರೆ ಮೊದಲು ನೀವೇ ಕರೆ ಮಾಡಿ ಕೇಳಬಹುದು.