ಪಾಯ್ಸನ್ ಡಾರ್ಟ್ ಕಪ್ಪೆಗೆ ವಿಷ ಬರುವುದು ಎಲ್ಲಿಂದ?

ಬೆಂಗಳೂರಿನಲ್ಲಿ ಮಳೆ ನಿಂತ ಮೇಲೆ ಹೂಕುಂಡದಲ್ಲಿ ಕೆಂಪು ಪಟ್ಟೆಯ ಕಪ್ಪೆ ಕಂಡಿತು, ಅದು ಪಾಯ್ಸನ್ ಡಾರ್ಟ್ ಕಪ್ಪೆಯಾ, ಅದಕ್ಕೆ ವಿಷ ಹೇಗೆ ಬರುತ್ತದೆ ಎಂದು ಕೇಳಿದ್ದೀರಿ.

ಅಲ್ಲ, ಹೆದರಬೇಡಿ. ಪಾಯ್ಸನ್ ಡಾರ್ಟ್ ಕಪ್ಪೆಗಳ ಊರು ಮಧ್ಯ ಮತ್ತು ದಕ್ಷಿಣ ಅಮೆರಿಕದ ಮಳೆಕಾಡು. ಅವುಗಳ ವಿಷ ಸ್ವಂತದ್ದಲ್ಲ, ಊಟದಿಂದ ಬಂದದ್ದು.

ಆ ಕಾಡಿನ ಕೆಲವು ಇರುವೆ, ನುಸಿ, ಪುಟ್ಟ ಜೀರುಂಡೆಗಳ ಮೈಯಲ್ಲಿ ಆಲ್ಕಲಾಯ್ಡ್ ಎಂಬ ಕಹಿ ರಾಸಾಯನಿಕಗಳಿರುತ್ತವೆ. ಕಪ್ಪೆ ಅವನ್ನು ತಿಂದು, ಆ ವಿಷವನ್ನು ಚರ್ಮದ ಗ್ರಂಥಿಗಳಲ್ಲಿ ಕೂಡಿಡುತ್ತದೆ. ಗಾಜಿನ ಪೆಟ್ಟಿಗೆಯಲ್ಲೇ ಹುಟ್ಟಿ, ಹಣ್ಣಿನ ನೊಣ ತಿಂದು ಬೆಳೆದ ಮರಿಗೆ ಈ ವಿಷ ಇರುವುದಿಲ್ಲ. ಬಣ್ಣ ಮಾತ್ರ ಅಷ್ಟೇ ಜೋರು! ಕಾಡಿನಲ್ಲಿ ಆ ಬಣ್ಣ ಸುಮ್ನೆ ಅಲ್ಲ, ‘ನನ್ನನ್ನು ಮುಟ್ಟಬೇಡ’ ಅನ್ನುವ ಬೋರ್ಡು.

ಎಲ್ಲಕ್ಕಿಂತ ಜಾಸ್ತಿ ವಿಷ ಕೊಲಂಬಿಯಾದ ಚಿನ್ನದ ಬಣ್ಣದ ಕಪ್ಪೆಯದು. ಉದ್ದ ಸುಮಾರು 5 ಸೆಂಟಿಮೀಟರ್ ಅಷ್ಟೇ. ಅದರ ಬ್ಯಾಟ್ರಕೋಟಾಕ್ಸಿನ್ ಎಂಬ ವಿಷ ನರಗಳಲ್ಲಿ ಸೋಡಿಯಂ ಒಳಬರುವ ಬಾಗಿಲುಗಳನ್ನು ಮುಚ್ಚಲು ಬಿಡುವುದಿಲ್ಲ. ಸ್ನಾಯು ಸೆಟೆಯುತ್ತದೆ, ಹೃದಯ ನಿಲ್ಲುತ್ತದೆ. ಅಲ್ಲಿನ ಎಂಬೆರಾ ಜನ ಊದುಗೊಳವೆಯ ಬಾಣದ ತುದಿಯನ್ನು ಈ ಕಪ್ಪೆಯ ಬೆನ್ನಿಗೆ ಉಜ್ಜಿ ಬೇಟೆಯಾಡುತ್ತಿದ್ದರು. ಡಾರ್ಟ್ ಅನ್ನುವ ಹೆಸರು ಬಂದದ್ದು ಹೀಗೆ.

ನಿಮ್ಮ ಕುಂಡದಲ್ಲಿದ್ದದ್ದು ಬಹುಶಃ ಪೇಂಟೆಡ್ ಕಪ್ಪೆ. ಅದೂ ಇರುವೆ, ಗೆದ್ದಲು ತಿನ್ನುತ್ತದೆ, ಆದರೆ ಇಂಥ ವಿಷ ಕೂಡಿಡುವುದಿಲ್ಲ. ಕೆಣಕಿದರೆ ಪೂರಿಯಂತೆ ಉಬ್ಬಿ ಕೂರುತ್ತದೆ, ಅಷ್ಟೇ.