ನರವೈವಿಧ್ಯವನ್ನು ಹಾಸ್ಯದ ಮೂಲಕ ವಿವರಿಸಬಹುದೇ?

ಆಟಿಸಂ, ಎಡಿಎಚ್‌ಡಿಯಂಥ ನರವೈವಿಧ್ಯದ ವಿಷಯಗಳನ್ನು ವಿಜ್ಞಾನದ ನೆರವಿನಿಂದ ವಿವರಿಸುವ ಹಾಸ್ಯ ಕಾರ್ಯಕ್ರಮವೊಂದನ್ನು ರೂಪಿಸಬೇಕೆಂದಿದ್ದೀರಿ. ನರವೈವಿಧ್ಯವೆಂದರೆ ಮಿದುಳು ಒಬ್ಬೊಬ್ಬರಲ್ಲಿ ಒಂದೊಂದು ರೀತಿ ಕೆಲಸ ಮಾಡುವುದು: ಆಟಿಸಂ ಇರುವವರು ಇತರರೊಂದಿಗೆ ಬೆರೆಯುವ, ಮಾತಾಡುವ ಬಗೆ ಬೇರೆ, ಎಡಿಎಚ್‌ಡಿ ಇರುವವರಿಗೆ ಬೇಕಾದೆಡೆ ಗಮನವನ್ನು ಹಿಡಿದಿಡುವುದು ಕಷ್ಟ. ನಿಮ್ಮ ಕಾರ್ಯಕ್ರಮ ಆ ಜನರನ್ನೇ ನೋಯಿಸೀತೇ ಎಂಬುದು ನಿಮ್ಮ ಆತಂಕ. ನಾನು ವಿಜ್ಞಾನವನ್ನು ಜನರಿಗೆ ತಲುಪಿಸುವ ಕೆಲಸದಲ್ಲಿರುವವಳು, ಮತ್ತು ನನಗೆ ಎಡಿಎಚ್‌ಡಿ ಇದೆಯೆಂಬುದು ವಯಸ್ಕಳಾದ ಮೇಲೆ ಗೊತ್ತಾಯಿತು. ಈ ಎರಡೂ ಕಾರಣಗಳಿಂದ, ಇಂಥ ಕಾರ್ಯಕ್ರಮ ಆಗಲೇಬೇಕು ಎನ್ನುತ್ತೇನೆ. ಆದರೆ ನಗು ಯಾರ ಮೇಲೆ ಬೀಳಬೇಕು ಎಂಬುದನ್ನು ಮೊದಲ ಸಾಲು ಬರೆಯುವ ಮುನ್ನವೇ ನೀವು ತೀರ್ಮಾನಿಸಿಕೊಳ್ಳಬೇಕು.

ಬಿಗಿಹಿಡಿದು ಕಾಯುತ್ತಿದ್ದ ನಿರೀಕ್ಷೆ ಹಠಾತ್ತಾಗಿ ಇಲ್ಲವಾದಾಗ ನಗು ಹುಟ್ಟುತ್ತದೆ ಎಂದು ತತ್ತ್ವಜ್ಞಾನಿ ಇಮ್ಯಾನುಯೆಲ್ ಕಾಂಟ್ 1790ರಲ್ಲಿಯೇ ಬರೆದಿದ್ದರು. ವಿಜ್ಞಾನದಲ್ಲಿಯೂ ಅನೇಕ ಒಳ್ಳೆಯ ಪ್ರಶ್ನೆಗಳು ನಿರೀಕ್ಷೆ ಸುಳ್ಳಾದ ಜಾಗದಲ್ಲಿಯೇ ಹುಟ್ಟುತ್ತವೆ. ಕಾಂತಕ್ಷೇತ್ರದಲ್ಲಿ ಕಪ್ಪೆಯನ್ನು ತೇಲಿಸಿದ್ದಕ್ಕಾಗಿ 2000ದಲ್ಲಿ, ಮೊದಲು ನಗಿಸಿ ಆಮೇಲೆ ಯೋಚಿಸುವಂತೆ ಮಾಡುವ ಸಂಶೋಧನೆಗಳಿಗೆ ಮೀಸಲಾದ ಇಗ್ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡ ಭೌತವಿಜ್ಞಾನಿ ಆಂದ್ರೆ ಗೈಮ್, 2010ರಲ್ಲಿ ಗ್ರಾಫೀನ್ ಎಂಬ ಅತಿ ತೆಳುವಾದ ಇಂಗಾಲದ ಹಾಳೆಯ ಕುರಿತ ಕೆಲಸಕ್ಕೆ ನೊಬೆಲ್ ಪ್ರಶಸ್ತಿಯನ್ನೂ ಹಂಚಿಕೊಂಡರು. ಆಟದ ಮನಸ್ಸಿಗೂ ಗಂಭೀರ ಸಂಶೋಧನೆಗೂ ವಿರೋಧವಿಲ್ಲ. ನರವೈವಿಧ್ಯದ ಮಾತು ಬಂದಾಗ ಮಾತ್ರ ಇನ್ನೊಂದು ಪ್ರಶ್ನೆಯನ್ನು ಸೇರಿಸಿಕೊಳ್ಳಬೇಕು: ಇಲ್ಲಿ ಮುರಿದದ್ದು ಯಾರ ನಿರೀಕ್ಷೆ, ಮತ್ತು ಅದನ್ನು ಸಹಜವೆಂದು ಗೊತ್ತುಮಾಡಿದವರು ಯಾರು?

ಆಸ್ಟ್ರಿಯಾದ ಮಕ್ಕಳ ವೈದ್ಯ ಹಾನ್ಸ್ ಆಸ್ಪರ್ಗರ್ 1944ರ ತಮ್ಮ ಪ್ರಬಂಧದಲ್ಲಿ, ಹಾಸ್ಯಪ್ರಜ್ಞೆಯ ಕೊರತೆ ತಾವು ನೋಡಿದ ಆಟಿಸಂ ಇರುವ ಮಕ್ಕಳ ಲಕ್ಷಣಗಳಲ್ಲೊಂದು, ತಮ್ಮನ್ನೇ ಗೇಲಿ ಮಾಡಿದಾಗಲಂತೂ ಅವರಿಗೆ ಅದು ಅರ್ಥವಾಗುವುದಿಲ್ಲ ಎಂದು ಬರೆದರು. ಗೇಲಿಗೆ ಗುರಿಯಾದ ಮಗು ನಗದಿದ್ದುದನ್ನು ಮಗುವಿನ ಕೊರತೆಯೆಂದು ದಾಖಲಿಸಲಾಯಿತೇ ಹೊರತು ಗೇಲಿಯನ್ನು ಯಾರೂ ಪರೀಕ್ಷೆಗೆ ಒಡ್ಡಲಿಲ್ಲ ಎಂಬುದು ನನ್ನನ್ನು ಇಂದಿಗೂ ಕಾಡುತ್ತದೆ. 1998ರಲ್ಲಿ ಆಟಿಸಂ ಇರುವವರೊಬ್ಬರು ಅಂತರಜಾಲದಲ್ಲಿ ಒಂದು ಅಣಕು ಸಂಶೋಧನಾ ಸಂಸ್ಥೆಯನ್ನೇ ಸ್ಥಾಪಿಸಿ, ‘ಸಾಮಾನ್ಯ’ ಎನಿಸಿಕೊಂಡವರನ್ನು ವೈದ್ಯಕೀಯ ಪರಿಭಾಷೆಯಲ್ಲಿಯೇ ವರ್ಣಿಸಿದರು: ಸಾಮಾಜಿಕ ವಿಷಯಗಳ ಬಗ್ಗೆ ಅತಿಯಾದ ಗೀಳು, ತಾವೇ ಶ್ರೇಷ್ಠರೆಂಬ ಭ್ರಮೆ, ಎಲ್ಲರಂತೆಯೇ ಇರಬೇಕೆಂಬ ಹಟ. ನಿಮ್ಮ ಕಾರ್ಯಕ್ರಮಕ್ಕೆ ಇದಕ್ಕಿಂತ ಒಳ್ಳೆಯ ಮಾದರಿ ನನಗೆ ತೋಚುವುದಿಲ್ಲ, ಏಕೆಂದರೆ ಅಲ್ಲಿ ನಗು ಬೀಳುವುದು ವ್ಯಕ್ತಿಗಳ ಮೇಲಲ್ಲ, ಅವರನ್ನು ಅಳೆಯುವ ಅಳತೆಗೋಲಿನ ಮೇಲೆ.

ಆ ಅಳತೆಗೋಲನ್ನು ವಿಜ್ಞಾನವೂ ಪ್ರಶ್ನಿಸುತ್ತಿದೆ. ಆಟಿಸಂ ಇರುವವರಿಗೂ ಇಲ್ಲದವರಿಗೂ ನಡುವೆ ಮಾತು ಕೆಟ್ಟರೆ ಅದಕ್ಕೆ ಎರಡೂ ಕಡೆಯ ಅರ್ಥವಾಗದಿರುವಿಕೆ ಕಾರಣವೆಂದು, ತಾವೂ ಆಟಿಸಂ ಇರುವ ಸಮಾಜವಿಜ್ಞಾನಿ ಡೇಮಿಯನ್ ಮಿಲ್ಟನ್ 2012ರಲ್ಲಿ ವಾದಿಸಿದರು. ಎಡಿನ್‌ಬರಾದ ಕ್ಯಾಥರೀನ್ ಕ್ರಾಂಪ್ಟನ್ ಮತ್ತು ಸಂಗಡಿಗರು 2020ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಎಂಟು ಜನರ ಸರಪಳಿಯಲ್ಲಿ ಕಥೆಯೊಂದನ್ನು ಒಬ್ಬರಿಂದ ಒಬ್ಬರಿಗೆ ದಾಟಿಸಲಾಯಿತು. ಎಲ್ಲರಿಗೂ ಆಟಿಸಂ ಇದ್ದ ಸರಪಳಿಗಳು ಯಾರಿಗೂ ಇಲ್ಲದ ಸರಪಳಿಗಳಷ್ಟೇ ಚೆನ್ನಾಗಿ ಕಥೆಯನ್ನು ಉಳಿಸಿಕೊಂಡವು. ಇಬ್ಬರೂ ಬೆರೆತ ಸರಪಳಿಗಳಲ್ಲಿ ವಿವರಗಳು ಬೇಗ ಸೋರಿಹೋದವು. 300ಕ್ಕೂ ಹೆಚ್ಚು ಜನರೊಂದಿಗೆ ಅದನ್ನು ಮರುಪರೀಕ್ಷಿಸಿ 2025ರಲ್ಲಿ ಪ್ರಕಟಿಸಿದಾಗ ಬೆರೆತ ಸರಪಳಿಗಳಲ್ಲಿಯೂ ಅಂಥ ನಷ್ಟ ಕಾಣಲಿಲ್ಲ, ಮೂರೂ ಬಗೆಯವು ಸರಿಸಮವಾಗಿದ್ದವು. ಈ ಎರಡನೆಯ ಫಲಿತಾಂಶವನ್ನು ದಯವಿಟ್ಟು ಬಿಟ್ಟುಬಿಡಬೇಡಿ. ಪ್ರೇಕ್ಷಕರನ್ನೇ ಸಾಲಾಗಿ ಕೂರಿಸಿ ಒಂದು ವಿಚಿತ್ರ ಕಥೆಯನ್ನು ಕಿವಿಯಿಂದ ಕಿವಿಗೆ ದಾಟಿಸಿ, ಕೊನೆಗೆ ಬಂದ ರೂಪವನ್ನು ಗಟ್ಟಿಯಾಗಿ ಓದಿಸಿದರೆ ನಗು ತಾನಾಗಿಯೇ ಬರುತ್ತದೆ. ಆಗ ಮೊದಲ ಪ್ರಯೋಗವನ್ನು ಹೇಳಿ, ಅವರು ಅದನ್ನು ಒಪ್ಪಿಕೊಂಡ ಮೇಲೆ ಎರಡನೆಯದನ್ನು ಹೇಳಿ. ವಿಜ್ಞಾನ ತನ್ನ ಮಾತನ್ನು ತಾನೇ ತಿದ್ದಿಕೊಳ್ಳುವುದನ್ನು ಅವರು ಕಣ್ಣಾರೆ ಕಂಡಂತಾಗುತ್ತದೆ.

ಪ್ರೇಕ್ಷಕರ ಮುಂದೆ ಪ್ರಶ್ನೆಯಿಟ್ಟು, ಉತ್ತರ ಹೇಳುವ ಮುನ್ನ ಅವರನ್ನು ಸ್ವಲ್ಪ ಕಾಯಿಸಿ. ಹಾಗೆ ಕಾಯಿಸುವುದಕ್ಕೂ ಆಧಾರವಿದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದ 2014ರ ಅಧ್ಯಯನವೊಂದರ ಪ್ರಕಾರ, ತೀವ್ರ ಕುತೂಹಲದಿಂದ ಉತ್ತರಕ್ಕಾಗಿ ಕಾಯುತ್ತಿದ್ದವರು ಉತ್ತರವನ್ನಷ್ಟೇ ಅಲ್ಲದೆ, ಕಾಯುವಾಗ ಸುಮ್ಮನೆ ತೋರಿಸಿದ ಅಪರಿಚಿತ ಮುಖಗಳನ್ನೂ ಹೆಚ್ಚು ಚೆನ್ನಾಗಿ ನೆನಪಿಟ್ಟುಕೊಂಡಿದ್ದರು.

ಎರಡು ಸುಲಭದ ದಾರಿಗಳನ್ನು ಮಾತ್ರ ಹಿಡಿಯಬೇಡಿ. ನ್ಯೂಟನ್‌ಗೆ ಆಟಿಸಂ ಇತ್ತು, ಐನ್‌ಸ್ಟೈನ್‌ಗೆ ಎಡಿಎಚ್‌ಡಿ ಇತ್ತು ಎಂಬ ಮಾತುಗಳನ್ನು ಬಿಡಿ, ತೀರಿಹೋದವರನ್ನು ಹೀಗೆ ತಪಾಸಣೆ ಮಾಡಲಾಗದು. ಇದೆಲ್ಲ ಅತಿಮಾನುಷ ಶಕ್ತಿ ಎಂಬ ಹೊಗಳಿಕೆಯೂ ಬೇಡ. ಇಷ್ಟವಾದ ವಿಷಯದಲ್ಲಿ ಹೊತ್ತಿನ ಪರಿವೆಯಿಲ್ಲದೆ ಮುಳುಗುವ ನನ್ನ ಮನಸ್ಸೇ ಒಂದು ಸಣ್ಣ ಅರ್ಜಿ ತುಂಬಲು ವಾರಗಟ್ಟಲೆ ಹೆಣಗುತ್ತದೆ, ಮತ್ತು ಆ ಹೆಣಗಾಟ ನಿಜವಾದದ್ದು. ಅದನ್ನು ಮುಚ್ಚಿಡುವ ಹೊಗಳಿಕೆಯಿಂದ ನೆರವು ಕೇಳುವುದೇ ಕಷ್ಟವಾಗುತ್ತದೆ.

ಏಕಾಏಕಿ ದೊಡ್ಡ ಸದ್ದು, ಮಿಂಚುವ ಬೆಳಕು ಇದ್ದರೆ ಮೊದಲೇ ತಿಳಿಸಿ, ಮಧ್ಯೆ ಎದ್ದು ಹೋಗಲು ಎಲ್ಲರಿಗೂ ಅವಕಾಶವಿರಲಿ. ಎಲ್ಲರೂ ನಗುವಾಗ ನಗದೆ ಕುಳಿತವರನ್ನು ವೇದಿಕೆಯಿಂದ ಬೆರಳು ಮಾಡಿ ತೋರಿಸಬೇಡಿ, ಅವರು ನಿಮ್ಮ ಮಾತನ್ನು ಎಲ್ಲರಿಗಿಂತ ಆಸಕ್ತಿಯಿಂದ ಕೇಳುತ್ತಿರಬಹುದು. ಬರೆದದ್ದನ್ನು ಪ್ರದರ್ಶನಕ್ಕೆ ಮುಂಚೆಯೇ ಆಟಿಸಂ ಮತ್ತು ಎಡಿಎಚ್‌ಡಿ ಇರುವ ಹಲವರಿಗೆ ಸಂಭಾವನೆ ಕೊಟ್ಟು ಓದಿಸಿ, ಸಾಧ್ಯವಾದರೆ ಅವರನ್ನೇ ಸಹಲೇಖಕರನ್ನಾಗಿ ಮಾಡಿಕೊಳ್ಳಿ. ಯಾವ ಸಾಲು ಉಳಿಯಬೇಕು ಎಂಬ ವಿಚಾರದಲ್ಲಿ ಅವರ ಮಾತೇ ಕೊನೆಯದಾಗಿರಲಿ.