36 ಅಡಿಯ ಗಿಲ್‌ನೆಟ್ ಬೋಟಿಗೆ ಯಾವ ಫಿಶ್ ಫೈಂಡರ್, ಯಾವ ಜಿಪಿಎಸ್ ಹಾಕಿಸಬೇಕು?

ಗಂಗೊಳ್ಳಿಯಲ್ಲಿ 36 ಅಡಿಯ ಹಳೆಯ ಫೈಬರ್ ಬೋಟ್ ಕೊಂಡಿದ್ದೀರಿ. ಗಿಲ್‌ನೆಟ್ (ಮೀನಿನ ಕಿವಿರು ಸಿಕ್ಕಿಕೊಳ್ಳುವ ಬಲೆ) ಬಿಡುತ್ತೀರಿ, ನಡುನಡುವೆ ಅಂಜಲ್ ಮೀನಿಗೆ ಗಾಳ ಹಾಕುತ್ತೀರಿ, 70 ಮೀಟರ್ ಆಳ ದಾಟಿ ಹೋಗುವುದಿಲ್ಲ. ಕೈಯಲ್ಲಿರುವುದು ಒಂದು ಲಕ್ಷ ರೂಪಾಯಿ. ಅಂಗಡಿಯವರು 12 ಇಂಚಿನ ಪರದೆಯ ಫಿಶ್ ಫೈಂಡರ್ (ನೀರಿನಡಿಯ ಮೀನು, ನೆಲ ತೋರಿಸುವ ಯಂತ್ರ) ತೋರಿಸಿದ್ದಾರೆ, ಅದನ್ನು ಕೊಂಡರೆ ಬೇರೆ ಯಾವುದಕ್ಕೂ ಹಣ ಉಳಿಯುವುದಿಲ್ಲ, ಏನು ಮಾಡಲಿ ಎಂದು ಕೇಳಿದ್ದೀರಿ. ಮಲ್ಪೆ ಬಂದರಿನಲ್ಲಿ ಬೋಟುಗಳಿಗೆ ಈ ಯಂತ್ರಗಳನ್ನು ಕೂರಿಸುವುದು, ರಿಪೇರಿ ಮಾಡುವುದೇ ನನ್ನ ಕಸುಬು. ನಿಮಗೆ 7 ಇಂಚಿನ ಪರದೆ ಧಾರಾಳವಾಗಿ ಸಾಕು. ಉಳಿದ ಹಣವನ್ನು ಒಳ್ಳೆಯ ಟ್ರಾನ್ಸ್‌ಡ್ಯೂಸರ್‌ಗೆ, ವಯರಿಂಗ್‌ಗೆ, ಪ್ರತ್ಯೇಕ ಬ್ಯಾಟರಿಗೆ ಹಾಕಿ.

ಟ್ರಾನ್ಸ್‌ಡ್ಯೂಸರ್ ಎಂದರೆ ಬೋಟಿನ ಅಡಿಯಲ್ಲಿ ಕೂರುವ ಆ ಸಣ್ಣ ಗುಂಡು. ಅದು ನೀರಿನೊಳಕ್ಕೆ ಶಬ್ದವನ್ನು ಕಳಿಸುತ್ತದೆ, ನೆಲಕ್ಕೋ ಮೀನಿಗೋ ತಾಗಿ ಮರಳಿದ್ದನ್ನು ಕೇಳಿಸಿಕೊಳ್ಳುತ್ತದೆ. ಸಮುದ್ರದ ನೀರಿನಲ್ಲಿ ಶಬ್ದ ಸೆಕೆಂಡಿಗೆ ಸುಮಾರು 1500 ಮೀಟರ್ ಸಾಗುತ್ತದೆ. 75 ಮೀಟರ್ ಆಳಕ್ಕೆ ಹೋಗಿ ಬರಲು ಸೆಕೆಂಡಿನ ಹತ್ತರಲ್ಲಿ ಒಂದು ಭಾಗ ಸಾಕು. 1948ರಲ್ಲಿ ಜಪಾನಿನ ನಾಗಸಾಕಿಯ ಫುರುನೊ ಸಹೋದರರು ಮೀನುಗಾರರಿಗಾಗಿ ಈ ಯಂತ್ರವನ್ನು ತಯಾರಿಸಿದಾಗಲೂ ಇದೇ ತತ್ವವಿತ್ತು, ಇಂದಿಗೂ ಇದೇ. ಯಂತ್ರಕ್ಕೆ ಗೊತ್ತಾಗುವುದೆಲ್ಲ ಆ ಮರುದನಿಯಿಂದ. ಮರುದನಿ ಕೆಟ್ಟಿದ್ದರೆ ದೊಡ್ಡ ಪರದೆಯಲ್ಲಿ ಕೆಟ್ಟ ಚಿತ್ರವೇ ದೊಡ್ಡದಾಗಿ ಕಾಣುತ್ತದೆ.

50 ಮತ್ತು 200 ಕಿಲೋಹರ್ಟ್ಸ್ ಎರಡೂ ಇರುವ, 600 ವ್ಯಾಟ್‌ನ ಟ್ರಾನ್ಸ್‌ಡ್ಯೂಸರ್ ಕೇಳಿ. ನೀವು ಹೋಗುವ ಆಳಕ್ಕೆ ಒಂದು ಕಿಲೋವ್ಯಾಟ್ ಅನಗತ್ಯ. ಶಬ್ದ ಟಾರ್ಚ್ ಬೆಳಕಿನ ಹಾಗೆ ಕೆಳಗಿಳಿದಂತೆ ಅಗಲವಾಗುತ್ತದೆ. 200ರಲ್ಲಿ ಅದರ ಕೋನ ಸುಮಾರು 12 ಡಿಗ್ರಿ ಎಂದಿಟ್ಟುಕೊಂಡರೆ 50 ಮೀಟರ್ ಆಳದಲ್ಲಿ ಹತ್ತು ಮೀಟರ್ ಅಗಲದ ಜಾಗವಷ್ಟೇ ಕಾಣುತ್ತದೆ. ಆದರೆ ಕಾಣುವುದು ಬಿಡಿಬಿಡಿಯಾಗಿ, ಸ್ಪಷ್ಟವಾಗಿ ಕಾಣುತ್ತದೆ. 50ರಲ್ಲಿ ಕೋನ 45 ಡಿಗ್ರಿಯಿದ್ದರೆ ಅದೇ ಆಳದಲ್ಲಿ 40 ಮೀಟರ್ ಅಗಲ ಸಿಗುತ್ತದೆ, ಮೀನೂ ನೆಲವೂ ಒಂದಕ್ಕೊಂದು ಅಂಟಿಕೊಂಡಂತೆ ತೋರುತ್ತದೆ. ಬೂತಾಯಿ, ಬಂಗುಡೆಯ ಗುಂಪು ಇದೆಯೇ ಎಂದು ಹುಡುಕುವಾಗ 50, ನೆಲಕ್ಕೆ ಹತ್ತಿರದ ಮೀನು ನೋಡುವಾಗ 200 ಎಂದು ಬದಲಿಸಿಕೊಳ್ಳಬೇಕು. ಚರ್ಪ್ ಎಂದು ಬರೆದಿರುವ ಯಂತ್ರಗಳು ಒಂದೇ ಕಂಪನಾಂಕಕ್ಕೆ ನಿಲ್ಲದೆ ಒಂದು ಹರವನ್ನೇ ಗುಡಿಸಿಕೊಂಡು ಹೋಗುತ್ತವೆ, ಹತ್ತಿರ ಹತ್ತಿರ ಇರುವ ಮೀನುಗಳನ್ನು ಬೇರೆ ಮಾಡಿ ತೋರಿಸುತ್ತವೆ. ಬೆಲೆಯ ವ್ಯತ್ಯಾಸ ಸಣ್ಣದಿದ್ದರೆ ಖಂಡಿತ ತೆಗೆದುಕೊಳ್ಳಿ.

ಫಿಶ್ ಫೈಂಡರ್ ನೋಡುವುದು ಬೋಟಿನ ನೇರ ಕೆಳಕ್ಕೆ ಮಾತ್ರ. ಮುಂದೆ, ಪಕ್ಕದಲ್ಲಿ ಹುಡುಕುವುದು ಸೋನಾರ್. ಮೀನಿನ ಗುಂಪನ್ನೇ ಬಲೆಯಿಂದ ಸುತ್ತುವ ಪರ್ಸೀನ್ ಬೋಟಿನವರಿಗೆ ಅದರ ಉಪಯೋಗವಿದೆ, ನಿಮಗೆ ಆ ಖರ್ಚು ಬೇಡ. ಪರದೆಯ ಬಲ ಅಂಚಿನಲ್ಲಿ ಇರುವುದು ಈ ಕ್ಷಣದ್ದು, ಎಡಕ್ಕೆ ಸರಿದಿರುವುದೆಲ್ಲ ಆಗಲೇ ಕಳೆದುಹೋದದ್ದು. ಇನ್ನೊಂದು ಮಾತು: ಮರುದನಿಯ ಬಹುಭಾಗ ಬರುವುದು ಮೀನಿನ ಹೊಟ್ಟೆಯೊಳಗಿನ ಗಾಳಿಚೀಲದಿಂದ. ಸಿಗಡಿಗೆ, ಬೊಂಡಾಸ್‌ಗೆ (ಸ್ಕ್ವಿಡ್) ಅಂಥ ಚೀಲವಿಲ್ಲ. ಅವು ಮಸುಕಾಗಿ ಕಾಣುತ್ತವೆ ಅಥವಾ ಕಾಣುವುದೇ ಇಲ್ಲ. ಪರದೆ ಖಾಲಿ ಇದ್ದ ಮಾತ್ರಕ್ಕೆ ನೀರು ಖಾಲಿ ಎಂದುಕೊಳ್ಳಬೇಡಿ. ಹಾಗೆಯೇ ಪುಟ್ಟ ಪುಟ್ಟ ಮೀನಿನ ಚಿತ್ರ ತೋರಿಸುವ ಸೌಲಭ್ಯವನ್ನು ಮೊದಲ ದಿನವೇ ಆಫ್ ಮಾಡಿ. ನೀರಿನ ಗುಳ್ಳೆಗೂ ಕಸಕ್ಕೂ ಅದು ಮೀನಿನ ಚಿತ್ರ ಬರೆಯುತ್ತದೆ.

ನನ್ನನ್ನು ಕೇಳಿದರೆ ಗಿಲ್‌ನೆಟ್ ಬೋಟಿಗೆ ಫಿಶ್ ಫೈಂಡರ್‌ನ ದೊಡ್ಡ ಪ್ರಯೋಜನ ಮೀನು ತೋರಿಸುವುದಕ್ಕಿಂತ ನೆಲ ತೋರಿಸುವುದರಲ್ಲಿದೆ. ಕೆಸರಿನ ನೆಲ ತೆಳುವಾಗಿ ಕಾಣುತ್ತದೆ. ಕಲ್ಲಿನ ನೆಲ ದಪ್ಪ ಕೆಂಪು ಪಟ್ಟಿಯಾಗಿ ಕಾಣುತ್ತದೆ. ನೆಲ ಗಟ್ಟಿಯಿದ್ದರೆ ಅದರ ಎರಡರಷ್ಟು ಆಳದಲ್ಲಿ ಇನ್ನೊಂದು ನೆಲ ಕಂಡಂತೆ ಎರಡನೆಯ ಮರುದನಿಯೂ ಮೂಡುತ್ತದೆ. ಕಲ್ಲಿನ ಅಂಚು ಎಲ್ಲಿ ಮುಗಿಯುತ್ತದೆ ಎಂದು ತಿಳಿದರೆ ಬಲೆ ಹರಿಯುವುದು ತಪ್ಪುತ್ತದೆ, ಅಂಜಲ್ ಸುಳಿಯುವ ಜಾಗವೂ ಕೈಗೆ ಸಿಗುತ್ತದೆ. ಆಳದ ಅಳತೆಯನ್ನು ಫ್ಯಾದಮ್‌ಗೆ ಇಟ್ಟುಕೊಳ್ಳಿ. ಆರು ಅಡಿಯ ಆ ಅಳತೆ ನಮ್ಮ ಹಿರಿಯರ ಮಾರಿಗೆ ಹತ್ತಿರ, ಬೋಟ್ ನಡೆಸುವ ಹಳೆಯ ತಾಂಡೇಲರು ಹೇಳುವ ಆಳವನ್ನು ಲೆಕ್ಕ ಹಾಕದೆ ನೇರವಾಗಿ ಹೊಂದಿಸಬಹುದು.

ಟ್ರಾನ್ಸ್‌ಡ್ಯೂಸರ್ ಕೂರಿಸುವ ಜಾಗದ ವಿಷಯದಲ್ಲಿ ಯಾರ ಮಾತಿಗೂ ಆತುರಪಡಬೇಡಿ. ಹಿಂಬದಿಯ ಹಲಗೆಗೆ ತಿರುಪು ಹಾಕಿ ನೇತುಹಾಕುವುದು ಅಗ್ಗ. ಆದರೆ ನಿಮ್ಮದು ಬಲೆಯ ಬೋಟ್, ಬಲೆ ಎಳೆಯುವಾಗ ಅದು ಸಿಕ್ಕಿಕೊಳ್ಳುತ್ತದೆ. ಎಂಜಿನ್ ಫ್ಯಾನ್ (ನೀರಿನಲ್ಲಿ ತಿರುಗುವ ಪ್ರೊಪೆಲ್ಲರ್) ಎಬ್ಬಿಸುವ ಗುಳ್ಳೆಗಳೂ ಅಲ್ಲೇ ಹೆಚ್ಚು, ಗುಳ್ಳೆಯೊಳಗಿಂದ ಶಬ್ದ ದಾಟುವುದಿಲ್ಲ. ತಳಕ್ಕೆ ತೂತು ಮಾಡಿ, ಫ್ಯಾನ್‌ಗಿಂತ ಸಾಕಷ್ಟು ಮುಂದೆ, ಬೋಟ್ ಓಡುವಾಗಲೂ ನೀರಿನಲ್ಲೇ ಇರುವ ಕಡೆ ಕೂರಿಸುವುದು ಉತ್ತಮ. ತಳದ ಇಳಿಜಾರಿಗೆ ತಕ್ಕಂತೆ ಕೆತ್ತಿದ ದಿಮ್ಮಿ ಕೊಟ್ಟು ಅದರ ಮುಖ ನೇರ ಕೆಳಕ್ಕೆ ಇರುವಂತೆ ನೋಡಬೇಕು. ಫೈಬರ್ ತಳಕ್ಕೆ ಪ್ಲಾಸ್ಟಿಕ್ ಅಥವಾ ಕಂಚಿನದು ನಡೆಯುತ್ತದೆ. ಮರದ ಬೋಟಿಗೆ ಕಂಚಿನದೇ ಬೇಕು, ಏಕೆಂದರೆ ನೀರು ಕುಡಿದು ಉಬ್ಬುವ ಮರ ಪ್ಲಾಸ್ಟಿಕ್ಕನ್ನು ಒಡೆಯುತ್ತದೆ. ಕಬ್ಬಿಣದ ಬೋಟಿಗೆ ಕಂಚು ಹಾಕಿದರೆ ತಳವನ್ನೇ ತುಕ್ಕು ತಿನ್ನುತ್ತದೆ, ಅಲ್ಲಿ ಸ್ಟೇನ್‌ಲೆಸ್ ಸ್ಟೀಲ್ ಸರಿ.

ತೂತು ಮಾಡಲು ಮನಸ್ಸಿಲ್ಲದಿದ್ದರೆ ಇನ್ನೊಂದು ದಾರಿ ಇದೆ. ತಳ ಪೂರ್ತಿ ಗಟ್ಟಿ ಫೈಬರ್ ಆಗಿದ್ದರೆ ಟ್ರಾನ್ಸ್‌ಡ್ಯೂಸರ್ ಅನ್ನು ಒಳಗಿನಿಂದಲೇ ಅಂಟಿಸಬಹುದು, ಸ್ವಲ್ಪ ಶಕ್ತಿ ಕಡಿಮೆಯಾಗುತ್ತದೆ ಅಷ್ಟೆ. ಪದರಗಳ ನಡುವೆ ಫೋಮ್ ಅಥವಾ ಮರ ಇದ್ದರೆ ಅದು ಕೆಲಸ ಮಾಡುವುದಿಲ್ಲ. ಅಂಟಿಸುವ ಮೊದಲು ಪರೀಕ್ಷೆ ಸುಲಭ: ಪ್ಲಾಸ್ಟಿಕ್ ಚೀಲಕ್ಕೆ ನೀರು ತುಂಬಿ, ಅದರೊಳಗೆ ಟ್ರಾನ್ಸ್‌ಡ್ಯೂಸರ್ ಇಟ್ಟು, ಬಾಯಿ ಕಟ್ಟಿ, ಬೋಟಿನ ಒಳತಳಕ್ಕೆ ಒತ್ತಿ ಹಿಡಿಯಿರಿ. ನೀರಿಗೆ ನೇರವಾಗಿ ಇಳಿಬಿಟ್ಟಾಗ ಕಂಡ ಚಿತ್ರದ ಜೊತೆ ಹೋಲಿಸಿ. ಒಂದೆರಡು ಕಡೆ ಸರಿಸಿ ನೋಡಿದರೆ ಒಳ್ಳೆಯ ಜಾಗ ತಾನಾಗಿ ತಿಳಿಯುತ್ತದೆ. ಏನೇ ಮಾಡಿದರೂ ಅದರ ಕೇಬಲ್ ಕತ್ತರಿಸಲು ಬಿಡಬೇಡಿ, ಉದ್ದ ಹೆಚ್ಚಾದರೆ ಸುತ್ತಿ ಇಡಿ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರೀಕೃತ ಮೀನುಗಾರಿಕೆಗೆ ರಜೆ, ಬೋಟ್ ಹೇಗೂ ದಡದಲ್ಲಿರುತ್ತದೆ. ಈ ಕೆಲಸ ಆಗಲೇ ಆಗಬೇಕು.

ಬ್ಯಾಟರಿಯ ವಿಚಾರ ಚಿಕ್ಕದಾಗಿ: ಎಂಜಿನ್ ಸ್ಟಾರ್ಟ್ ಮಾಡುವ ಬ್ಯಾಟರಿಗೆ ಫಿಶ್ ಫೈಂಡರನ್ನು ಸೇರಿಸಬೇಡಿ. ಸ್ಟಾರ್ಟ್ ಮಾಡುವ ಹೊತ್ತಿಗೆ ವೋಲ್ಟೇಜ್ ಕುಸಿದು ಯಂತ್ರ ಆಫ್ ಆಗಿ ಮತ್ತೆ ಆನ್ ಆಗುತ್ತದೆ. ಬೇರೆ ಬ್ಯಾಟರಿ, ದಪ್ಪ ವಯರ್, ಬ್ಯಾಟರಿಯ ಹತ್ತಿರವೇ ಫ್ಯೂಸ್. ಟ್ರಾನ್ಸ್‌ಡ್ಯೂಸರ್ ಕೇಬಲ್ಲನ್ನು ವಯರ್‌ಲೆಸ್‌ನ ಆಂಟೆನಾ ಕೇಬಲ್ಲಿನ ಜೊತೆ ಕಟ್ಟಬೇಡಿ, ಪರದೆ ತುಂಬಾ ಚುಕ್ಕೆ ಬೀಳುತ್ತವೆ.

ಈಗ ಜಿಪಿಎಸ್. ಎರಡೂ ಒಂದೇ ಪರದೆಯಲ್ಲಿರುವ ಯಂತ್ರ ತೆಗೆದುಕೊಳ್ಳಿ, ಜೊತೆಗೆ ಸೆಲ್ ಹಾಕುವ ಒಂದು ಸಣ್ಣ ಕೈ ಜಿಪಿಎಸ್ ಇರಲಿ. ವಯರ್ ಸುಟ್ಟ ರಾತ್ರಿ ಮನೆಗೆ ತಲುಪಿಸುವುದು ಅದೇ. ಕೊಳ್ಳುವಾಗ ಮುಖ್ಯವಾಗಿ ಕೇಳಬೇಕಾದ್ದು, ಗುರುತು ಹಾಕಿದ ಜಾಗಗಳನ್ನು ಮೆಮೊರಿ ಕಾರ್ಡಿಗೆ ನಕಲು ಮಾಡಲು ಬರುತ್ತದೆಯೇ ಎಂಬುದು. ಕಲ್ಲು, ಮುಳುಗಿದ ಬೋಟ್, ಮೀನಿನ ಜಾಗ ಎಂದು ವರ್ಷಗಟ್ಟಲೆ ಕೂಡಿಟ್ಟ ಗುರುತುಗಳಿಗೆ ಯಂತ್ರಕ್ಕಿಂತ ಹೆಚ್ಚು ಬೆಲೆ. ಅವು ಹೋದರೆ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ಅಂಕಿ ಬರೆಯುವ ಕ್ರಮವನ್ನೂ ಸರಿಯಾಗಿ ನೋಡಿಕೊಳ್ಳಿ. ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಮೀನು ಸಿಗಬಹುದಾದ ವಲಯಗಳ ಮಾಹಿತಿ ಕೊಡುತ್ತದಲ್ಲ, ಅದರಲ್ಲಿ ಡಿಗ್ರಿ, ಮಿನಿಟು, ಸೆಕೆಂಡ್ ಎಂದಿರುತ್ತದೆ. ಯಂತ್ರ ಸಾಮಾನ್ಯವಾಗಿ ಡಿಗ್ರಿ ಮತ್ತು ದಶಮಾಂಶದ ಮಿನಿಟು ತೋರಿಸುತ್ತದೆ. 13 ಡಿಗ್ರಿ 20 ಮಿನಿಟು 50 ಸೆಕೆಂಡ್ ಎಂಬುದನ್ನು ನೀವು 20.50 ಮಿನಿಟು ಎಂದು ಒತ್ತಿದರೆ 600 ಮೀಟರ್‌ಗೂ ಹೆಚ್ಚು ತಪ್ಪಿದಂತೆ. 50 ಸೆಕೆಂಡ್ ಎಂದರೆ 0.83 ಮಿನಿಟು. ಒಂದು ಮಿನಿಟು ಅಕ್ಷಾಂಶ 1852 ಮೀಟರ್. ಸೆಟ್ಟಿಂಗ್ ಬದಲಿಸಿಕೊಂಡರೆ ಲೆಕ್ಕದ ಗೋಜೇ ಇಲ್ಲ.

ನಕ್ಷೆಯ ಕಾರ್ಡ್ ಇದ್ದರೂ ಗಂಗೊಳ್ಳಿಯ ಅಳಿವೆಯಲ್ಲಿ ಅದನ್ನು ನಂಬಬೇಡಿ. ಮಳೆಗಾಲ ಕಳೆದಾಗ ಮರಳು ಜಾಗ ಬದಲಿಸಿರುತ್ತದೆ. ಒಳ್ಳೆಯ ಉಬ್ಬರದಲ್ಲಿ ಹಗಲು ಹೊತ್ತು ನಿಧಾನವಾಗಿ ಒಳಬಂದು, ಆಳ ನೋಡುತ್ತಾ ನಿಮ್ಮದೇ ದಾರಿಯ ಗೆರೆ ಉಳಿಸಿಕೊಳ್ಳಿ. ಪ್ರತಿ ಹಂಗಾಮಿಗೂ ಹೊಸ ಗೆರೆ.

ನೀವು ಕೇಳದಿದ್ದರೂ ಇದನ್ನು ಹೇಳದೆ ಬಿಡಲಾರೆ. 2018ರ ಡಿಸೆಂಬರ್‌ನಲ್ಲಿ ಮಲ್ಪೆಯಿಂದ ಹೊರಟ ಸುವರ್ಣ ತ್ರಿಭುಜ ಬೋಟ್ ಏಳು ಮಂದಿಯೊಂದಿಗೆ ಕಾಣೆಯಾಯಿತು. ಅದರ ಅವಶೇಷ ಮಹಾರಾಷ್ಟ್ರದ ಮಾಲ್ವಣದ ಆಚೆ ನೌಕಾಪಡೆಗೆ ಸಿಕ್ಕಿದ್ದು 2019ರ ಮೇ ತಿಂಗಳಲ್ಲಿ. ಜಿಪಿಎಸ್ ನಿಮ್ಮ ಜಾಗವನ್ನು ನಿಮಗೆ ಹೇಳುತ್ತದೆ, ದಡದವರಿಗೆ ಹೇಳುವುದಿಲ್ಲ. ಮತ್ಸ್ಯ ಸಂಪದ ಯೋಜನೆಯಡಿ ಇಸ್ರೋ ರೂಪಿಸಿದ ಟ್ರಾನ್ಸ್‌ಪಾಂಡರ್‌ಗಳನ್ನು (ಬೋಟಿನ ಜಾಗವನ್ನು ದಡಕ್ಕೆ ತಿಳಿಸುವ ಯಂತ್ರ) ಒಂದು ಲಕ್ಷ ಬೋಟುಗಳಿಗೆ ಉಚಿತವಾಗಿ ಅಳವಡಿಸುವ ಕೆಲಸಕ್ಕೆ 2024ರ ಆಗಸ್ಟ್‌ನಲ್ಲಿ ಚಾಲನೆ ಸಿಕ್ಕಿದೆ. ನಿಮ್ಮ ಬೋಟಿಗೆ ಇಲ್ಲದಿದ್ದರೆ ಮೀನುಗಾರಿಕೆ ಇಲಾಖೆಯ ಕಚೇರಿಯಲ್ಲಿ ಹೆಸರು ಕೊಡಿ. ವಿಎಚ್‌ಎಫ್ ವಯರ್‌ಲೆಸ್‌ನಲ್ಲಿ ಅಪಾಯದ ಕರೆಯ 16ನೇ ಚಾನೆಲ್ ಕಿವಿಯಲ್ಲಿರಲಿ, ಕರಾವಳಿ ಕಾವಲು ಪಡೆಯ 1554 ಸಂಖ್ಯೆಯನ್ನು ಬೋಟ್ ನಡೆಸುವ ಕೋಣೆಯಾದ ವೀಲ್‌ಹೌಸಿನಲ್ಲಿ ಎಲ್ಲರಿಗೂ ಕಾಣುವಂತೆ ಬರೆದಿಡಿ.

ಸೆಕೆಂಡ್ ಹ್ಯಾಂಡ್ ಆಗಬಹುದೇ ಎಂದೂ ಕೇಳಿದ್ದೀರಿ. ಆಗಬಹುದು, ಆದರೆ ಪರದೆ ಮಾತ್ರ. ಟ್ರಾನ್ಸ್‌ಡ್ಯೂಸರ್ ಹೊಸದೇ ಇರಲಿ, ಪರದೆಗೆ ಹೊಂದುವುದೇ ಎಂದು ಖಚಿತಪಡಿಸಿಕೊಂಡು ಕೊಳ್ಳಿ. ಗಾರ್ಮಿನ್, ಫುರುನೊ, ಲೌರೆನ್ಸ್ ಯಾವುದಾದರೂ ಸರಿ, ಕುಂದಾಪುರ ಅಥವಾ ಮಲ್ಪೆಯಲ್ಲಿ ರಿಪೇರಿಗೆ ಜನ ಸಿಗುವ ಕಂಪನಿಯದ್ದನ್ನೇ ಆರಿಸಿ. ನಿಮ್ಮ ಬೋಟಿನ ತಳ ಗಟ್ಟಿ ಫೈಬರೋ, ನಡುವೆ ಫೋಮ್ ಇದೆಯೋ ಎಂದು ಕಟ್ಟಿದವರನ್ನು ವಿಚಾರಿಸಿ ಇಲ್ಲಿ ಬರೆಯಿರಿ. ತಳದ ಒಂದು ಫೋಟೊ ಹಾಕಿದರೆ ಎಲ್ಲಿ ಕೂರಿಸಬೇಕೆಂದು ಗುರುತು ಮಾಡಿ ತೋರಿಸುತ್ತೇನೆ.